ಸಾಮ್ರಾಜ್ಯದ ಬೆಣ್ಣೆ

2011ರ ಭೂಕಂಪವಾಗಿ ಮೂರು ವರ್ಷ ಕಳೆದಿತ್ತು. ಟೋಕಿಯೊದಲ್ಲಿ ಬೆಣ್ಣೆಗೆ ಬರ ಬಂದಿತ್ತು. ನಿಶಿ ಕಸಾಯಿಯ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಒಬ್ಬರಿಗೆ ಒಂದೇ ಪ್ಯಾಕೆಟ್ ಎಂದು ಚೀಟಿ ಅಂಟಿಸಿದ್ದರು. ಹೊರದೇಶದಿಂದ ತರಿಸೋಣವೆಂದರೆ ವಿಪರೀತ ಸುಂಕ. ಆ ದಿನಗಳಲ್ಲಿ ನಾನು ಓದುತ್ತಿದ್ದದ್ದೂ ಬೆಣ್ಣೆಯ ಸುಂಕದ ಕಥೆಯನ್ನೇ.

ಮೈಸೂರಿನಲ್ಲಿ ಇತಿಹಾಸ ಎಂ.ಎ. ಮಾಡಿದ್ದೆ. ಗಂಡನ ಕಂಪನಿ ಅವರನ್ನು ಇಲ್ಲಿಗೆ ಕಳಿಸಿದಾಗ ಜೊತೆಗೆ ಬಂದು, ಜಪಾನೀ ಕಲಿತು, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ತ್ಸುಕುಬಾದ ಸಣ್ಣ ದಾಖಲೆ ಸಂಗ್ರಹವೊಂದರಲ್ಲಿ ಸಂಬಳವಿಲ್ಲದ ಸಹಾಯಕಿಯಾದೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಲಂಡನ್ನಿನಿಂದ ಜಪಾನೀ ವ್ಯಾಪಾರಿಗಳು ಬರೆದ ವರದಿಗಳು ಅಲ್ಲಿದ್ದವು. ಭೂಕಂಪದಲ್ಲಿ ಕಪಾಟುಗಳು ಉರುಳಿ ಎಲ್ಲ ಕಲಸುಮೇಲೋಗರವಾಗಿತ್ತು. ಅದನ್ನು ಜೋಡಿಸುವ ಕೆಲಸವನ್ನು ಅಲ್ಲಿನ ಪ್ರೊಫೆಸರ್ ನನಗೆ ಒಪ್ಪಿಸಿದರು. ಎಲ್ಲರ ಹಾಗೆ ನಾನೂ ಅವರನ್ನು ಸೆನ್ಸೇಯಿ ಎನ್ನುತ್ತಿದ್ದೆ.

ಎರಡು ವರ್ಷ ಜೋಡಿಸಿದೆ. ಬ್ರಿಟನ್ ತನ್ನ ಸಾಮ್ರಾಜ್ಯದ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಬೆಣ್ಣೆಯನ್ನು ಸುಂಕವಿಲ್ಲದೆ ಒಳಗೆ ಬಿಟ್ಟುಕೊಂಡು, ಡೆನ್ಮಾರ್ಕಿನದಕ್ಕೆ ಸುಂಕ ಹಾಕಿದ್ದು ಆ ಹಾಳೆಗಳಲ್ಲಿತ್ತು. ಅದೇ ಸಾಮ್ರಾಜ್ಯದ ಪ್ರಜೆಗಳಾಗಿದ್ದ ನಮ್ಮವರ ತುಪ್ಪದ ಬಗ್ಗೆ ಮಾತ್ರ ಒಂದು ಸಾಲೂ ಸಿಗಲಿಲ್ಲ. ಮನೆಮಕ್ಕಳ ಪಂಕ್ತಿಯಲ್ಲಿ ನಮಗೆ ಎಲೆಯನ್ನೇ ಹಾಕಿರಲಿಲ್ಲ. ಅದರ ಮೇಲೆ ನಲವತ್ತು ಪುಟ ಬರೆದು ಸೆನ್ಸೇಯಿಗೆ ಕೊಟ್ಟೆ. ಕೇಳಿದಾಗಲೆಲ್ಲ, ಓದುತ್ತಿದ್ದೇನೆ ಎನ್ನುತ್ತಿದ್ದರು.

ಮರುವರ್ಷ ಅವರ ಪುಸ್ತಕ ಬಂತು. ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ನನಗೊಂದು ಪ್ರತಿ ಕೊಟ್ಟರು. ರೈಲಿನಲ್ಲಿ ಬಿಡಿಸಿದರೆ ಮೂರನೇ ಅಧ್ಯಾಯ ನನ್ನದೇ. ಹಡಗೊಂದರ ಹೆಸರನ್ನು ನಾನು ತಪ್ಪಾಗಿ ಇಳಿಸಿಕೊಂಡಿದ್ದೆ, ಆ ತಪ್ಪೂ ಹಾಗೇ ಅಚ್ಚಾಗಿತ್ತು. ಮುನ್ನುಡಿಯ ಕೊನೆಗೆ, ರುಚಿಯಾದ ಸಿಹಿತಿಂಡಿ ತಂದುಕೊಡುತ್ತಿದ್ದ ಭಾರತೀಯ ಗೃಹಿಣಿಗೆ ಕೃತಜ್ಞತೆ ಇತ್ತು. ಹೆಸರಿರಲಿಲ್ಲ.

ಮರುದಿನ ಹೋಗಿ ಕೇಳಿದೆ. ಅವರು ಗಲಿಬಿಲಿಗೊಳ್ಳಲಿಲ್ಲ. ನನಗೆ ಟೀ ಬಗ್ಗಿಸಿದರು.

"ನಿಮ್ಮ ಹೆಸರು ಹಾಕಿದ್ದರೆ ಪ್ರಕಾಶಕರು ನಿಮ್ಮ ಹುದ್ದೆ ಏನೆಂದು ಕೇಳುತ್ತಿದ್ದರು. ನಿಮಗೆ ಹುದ್ದೆ ಇಲ್ಲವಲ್ಲ."

ಅಭ್ಯಾಸಬಲದಿಂದ "ಸುಮಿಮಾಸೆನ್" ಎಂದು ತಲೆಬಾಗಿ ಹೊರಗೆ ಬಂದೆ. ಕದ್ದವರು ಅವರು, ಕ್ಷಮೆ ಕೇಳಿದ್ದು ನಾನು.

ಪ್ರಕಾಶಕರಿಗೆ ಬರೆಯುತ್ತೇನೆ ಅಂದಾಗ ಗಂಡ ಲ್ಯಾಪ್‌ಟಾಪ್‌ನಿಂದ ತಲೆ ಎತ್ತಲಿಲ್ಲ. "ಬಿಟ್ಬಿಡೇ. ನಿನ್ನತ್ರ ಪ್ರೂಫ್ ಏನಿದೆ? ಸುಮ್ನೆ ಪ್ರಾಬ್ಲಂ ಮಾಡ್ಕೋಬೇಡ, ನಮ್ ವೀಸಾ ರಿನ್ಯೂವಲ್ ಬೇರೆ ಇದೆ."

ಆದರೂ ಬರೆದೆ. ಬಹಳ ಮರ್ಯಾದೆಯ ಉತ್ತರ ಬಂತು, ವಿಷಯವನ್ನು ಲೇಖಕರ ಗಮನಕ್ಕೆ ತಂದಿದ್ದೇವೆ ಎಂದು. ಅಲ್ಲಿಗೆ ಮುಗಿಯಿತು.

ಈಗ ಎಡೋಗಾವಾದ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ರಿಸರ್ಚ್ ಯಾಕೆ ಬಿಟ್ಟೆ ಎಂದು ಮಗಳು ಒಮ್ಮೆ ಇಂಗ್ಲಿಷಿನಲ್ಲಿ ಕೇಳಿದಳು. ತ್ಸುಕುಬಾ ದೂರ ಆಗುತ್ತಿತ್ತು ಅಂದೆ. ಅವಳು ನಂಬಿದಳು. ಸೆನ್ಸೇಯಿಯ ಮೇಲಿನ ಸಿಟ್ಟಿಗಿಂತ, ಹಾಗೆ ಹೇಳಿದ ನನ್ನ ಮೇಲಿನ ಸಿಟ್ಟೇ ಇವತ್ತಿಗೂ ಹೆಚ್ಚು.