ನಿಲ್ಸು ಅಂದದ್ದು ಯಾರು?

ಇಂಥದ್ದನ್ನೆಲ್ಲ ನಂಬುವವನಲ್ಲ ನಾನು. ಯಾರಾದರೂ ತಮಗೊಂದು ವಿಚಿತ್ರ ಅನುಭವ ಆಯಿತೆಂದು ಶುರು ಮಾಡಿದರೆ, ಅವರು ಮುಗಿಸುವಷ್ಟರಲ್ಲಿ ಅವರ ದನಿಯಲ್ಲೇ ಅದನ್ನು ಪಕ್ಕದವರಿಗೆ ಹೇಳಿ ನಗಿಸುವುದು ನನ್ನ ಚಾಳಿ. ನಂಜನಗೂಡಿನ ನಮ್ಮ ಬೀದಿಯಲ್ಲಿ ನಾನು ಅನುಕರಿಸದ ಗಂಟಲಿಲ್ಲ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ಬೇಜಾರಿಲ್ಲ. ನಮ್ಮ ಮನೆಯವರೇ ನಂಬಿಲ್ಲ.

ಬೈಕಿನವರು ದಾರಿಗೆ ಏನೇನು ಹೊತ್ತೊಯ್ಯುತ್ತಾರೆ ಎಂಬುದೇ ಒಂದು ತಮಾಷೆ. ನಮ್ಮ ಗೆಳೆಯರ ಗುಂಪು ಭಾನುವಾರ ಊಟಿ ಕಡೆ ಹೊರಟರೆ ಒಬ್ಬನ ಬ್ಯಾಗಿನಲ್ಲಿ ಪಂಕ್ಚರ್ ಕಿಟ್, ಇನ್ನೊಬ್ಬನದರಲ್ಲಿ ಅವರಮ್ಮ ಕಟ್ಟಿಕೊಟ್ಟ ಚಿತ್ರಾನ್ನ. ತಾಂಡವಪುರದ ಒಬ್ಬ ಮಹಾಶಯ ಆತ್ಮರಕ್ಷಣೆಗೆಂದು ಜೇಬಿನಲ್ಲಿ ಖಾರದ ಪುಡಿ ಇಟ್ಟುಕೊಂಡು, ಪೊಟ್ಟಣ ಒಡೆದು, ತಾನೇ ಸೀನಿ ಸೀನಿ ಬೈಕು ನಿಲ್ಲಿಸಿದ್ದ. ನಾನೇನು ಕಮ್ಮಿಯಲ್ಲ. ಪಿಸ್ತೂಲಿನ ಆಕಾರದ ಲೈಟರೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಅದರಿಂದ ಬೀಡಿ ಕೂಡ ಹೊತ್ತುತ್ತಿರಲಿಲ್ಲ. ನಿಜವಾದ ಬಂದೂಕು ನನ್ನ ಬೈಕು ಹತ್ತಿದ್ದು ಒಂದೇ ದಿನ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ದೊಡ್ಡಪ್ಪನ ಊರು ಹದಿನಾರು ಎಂಬ ಹಳ್ಳಿ ದಾಟಿ ತಿ. ನರಸೀಪುರದ ಕಡೆಗೆ. ಹಂದಿ ಕಾಟಕ್ಕೆಂದು ಅವರ ಬಳಿ ಲೈಸೆನ್ಸಿನ ಒಂಟಿ ನಳಿಗೆಯ ಬಂದೂಕಿದೆ. ಚುನಾವಣೆ ಬಂತೆಂದರೆ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ವಾಪಸ್ ತರಬೇಕು. ಆ ಸಲ ಒಪ್ಪಿಸಲು ನರಸೀಪುರದ ಠಾಣೆಗೆ ಕರೆದೊಯ್ಯೆಂದು ನನಗೆ ದೊಡ್ಡಪ್ಪನ ಫೋನ್ ಬಂತು. ದೊಡ್ಡಪ್ಪ ಬಂದೂಕನ್ನು ಹಳೇ ಗೋಣಿಚೀಲದೊಳಗೆ ಇಳಿಸಿ, ನಮ್ಮಿಬ್ಬರ ನಡುವೆ ಓರೆಯಾಗಿ ನಿಲ್ಲಿಸಿ, ಅದನ್ನು ತಬ್ಬಿಕೊಂಡು ಕೂತರು. ಬೈಕು ಕುಲುಕಿದಾಗಲೆಲ್ಲ ನಳಿಗೆಯ ತುದಿ ನನ್ನ ಹೆಲ್ಮೆಟ್ಟಿನ ಹಿಂಬದಿಗೆ ಟಕ್ ಟಕ್ ಎಂದು ಬಡಿಯುತ್ತಿತ್ತು.

"ದೊಡ್ಡಪ್ಪ, ನನ್ನ ಕಿಡ್ನ್ಯಾಪ್ ಮಾಡ್ತಿದ್ದೀರಾ ಹೇಗೆ?" ಎಂದೆ.

"ನಿನ್ನ ಕದ್ಕಂಡೋಗಿ ಏನ್ ಮಾಡಾನ್ಲಾ? ಅನ್ನ ದಂಡ. ಮುಂದ್ ನೋಡ್ಕಂಡು ಓಡ್ಸು."

ಹತ್ತು ಗಂಟೆಯ ಬಿಸಿಲು. ದೆವ್ವ ಭೂತಗಳ ಹೊತ್ತಲ್ಲ. ನಾಲೆ ಏರಿಯ ರಸ್ತೆ, ಪಕ್ಕದಲ್ಲಿ ಗದ್ದೆ, ಹಿಂದೆ ಮುಂದೆ ಒಂದು ನರಪಿಳ್ಳೆ ಇಲ್ಲ. ಆಗ ಕಿವಿಯ ಹತ್ತಿರವೇ ದೊಡ್ಡಪ್ಪನ ದನಿ: "ನಿಲ್ಸ್ಲಾ!" ಗದರಿಕೆಯಲ್ಲ, ಗಾಬರಿ. ಗಕ್ಕನೆ ಬ್ರೇಕ್ ಹಾಕಿದೆ.

"ಏನಾಯ್ತು ದೊಡ್ಡಪ್ಪ?"

"ನನ್ನೇನ್ ಕೇಳೀಯಾ? 'ನಿಲ್ಲಿಸ್ತೀನಿ, ಇಳೀರಿ ದೊಡ್ಡಪ್ಪ' ಅಂದವ್ನು ನೀನು."

"ನಾನು ಬಾಯೇ ಬಿಡ್ಲಿಲ್ಲ. 'ನಿಲ್ಸ್ಲಾ' ಅಂದೋರು ನೀವು."

"ಲೇ, ನಿನ್ ಇಕ್ಮತ್ತೆಲ್ಲ ನನ್ತಾವ ಬ್ಯಾಡ. ನೀನೇ ಅಂದ್ಬುಟ್ಟು ನನ್ ಮ್ಯಾಲೇ ಆಕೀಯಾ?"

ಅಮ್ಮನಾಣೆ ಹಾಕಿದೆ. ಮದುವೆ ಮನೆಯಲ್ಲಿ ಅವರೆದುರೇ ಅವರ ಹಾಗೆ ಕೆಮ್ಮಿ ತೋರಿಸಿದವನ ಆಣೆಗೆ ಬೆಲೆ ಎಲ್ಲಿ? ಬೈದು ಮುಗಿಸಿದ ದೊಡ್ಡಪ್ಪ, "ನಿಂತದ್ದಂತೂ ಆಯ್ತು. ಠಾಣೆಲಿ ಮಾನ ಓಗಾದ್ ಬ್ಯಾಡ, ಬಂದೂಕು ಖಾಲಿ ಐತಾ ಅಂತ ಒಂದ್ಸಲ ನೋಡ್ಬುಡ್ತೀನಿ" ಎಂದು ಬಂದೂಕು ಹೊರತೆಗೆದು, ನಳಿಗೆ ಬಗ್ಗಿಸಿ ಒಳಗೆ ನೋಡಿದರು. ನೋಡಿದವರು ಹಾಗೇ ನಿಂತರು. ಒಳಗೆ ತೋಟಾ ಕೂತಿತ್ತು. ಹಿಂದಿನ ರಾತ್ರಿ ಹಂದಿ ಓಡಿಸಲು ಹೋಗಿ ತುಂಬಿದ್ದು, ತೆಗೆಯಲು ಮರೆತದ್ದು.

ಅವರು ತೋಟಾ ತೆಗೆದು ಜೇಬಿಗೆ ಹಾಕಿ, ನಳಿಗೆ ಮುಚ್ಚಿ, ಬಂದೂಕನ್ನು ಮತ್ತೆ ಚೀಲಕ್ಕೆ ಇಳಿಸಿ, ಮೊದಲಿನ ಹಾಗೇ ತಬ್ಬಿಕೊಂಡು ಕೂತರು. ಹೊರಟೆವು. ಮುಂದಿನ ತಿರುವಿನಲ್ಲೇ ಪೈಪಿಗೆಂದು ಯಾರೋ ರಸ್ತೆ ಅಗೆದು ಬಿಟ್ಟಿದ್ದರು. ಕಾಣುವಷ್ಟರಲ್ಲಿ ಚಕ್ರ ಇಳಿದು ಎದ್ದಿತು. ಬೀಳದಿರಲು ದೊಡ್ಡಪ್ಪ ಚೀಲವನ್ನು ಅವುಚಿ ಹಿಡಿದರು. ನನ್ನ ತಲೆಯ ಹಿಂದೆ 'ಟಿಕ್' ಎಂದಿತು.

ಅದು ನಳಿಗೆ ಹೆಲ್ಮೆಟ್ಟಿಗೆ ಬಡಿದ ಸದ್ದಲ್ಲ. ನಿಲ್ಲಿಸಿ ನೋಡಿದರೆ ಚೀಲದಲ್ಲಿ ಇಲಿ ಕಡಿದ ಹರುಕು, ಹರುಕಿನೊಳಗೆ ದೊಡ್ಡಪ್ಪನ ಬೆರಳು, ಬೆರಳಿನ ಕೆಳಗೆ ಟ್ರಿಗರ್. ಅವರು ಬೆರಳನ್ನು ಹೊರಗೆಳೆದು, ಅದು ಬೇರೆ ಯಾರದ್ದೋ ಎಂಬಂತೆ ನೋಡಿದರು. ಆಮೇಲೆ ನನ್ನ ಹೆಲ್ಮೆಟ್ ತೆಗೆಸಿ, ತೂತು ಹುಡುಕುವವರ ಹಾಗೆ ಎರಡೂ ಕೈಯಲ್ಲಿ ತಲೆ ಸವರಿದರು.

"ಐತೆ ಕಣ್ಲಾ, ತಲೆ ಐತೆ," ಎಂದೆ, ಅವರದೇ ದನಿಯಲ್ಲಿ. ಆ ದಿನ ನಾನು ಅವರ ದನಿ ಮಾಡಿದ್ದು ಅದೇ ಮೊದಲು. ಇಬ್ಬರಿಗೂ ನಗು ಬಂತು. ಬಂದದ್ದು ನಿಲ್ಲಲೇ ಇಲ್ಲ. ನಾಲೆ ಏರಿ ಮೇಲೆ ಕೂತು ಕಣ್ಣೊರೆಸಿಕೊಂಡೆವು.

ಹೆಲ್ಮೆಟ್ಟಿನೊಳಗೆ ಗಾಳಿಯೇ ಮಾತಿನಂತೆ ಕೇಳಿರಬಹುದು ಎಂದುಕೊಂಡೆ. ಆದರೆ ದೊಡ್ಡಪ್ಪನ ತಲೆಗಿದ್ದದ್ದು ಬರೀ ಟವೆಲ್ಲು. ನನಗೇ ಗೊತ್ತಾಗದೆ ನಾನೇ ಅಂದೆನೆ? ಎರಡು ದನಿಯಲ್ಲಿ ಎರಡು ಮಾತನ್ನು ಒಂದೇ ಸಲ ಆಡುವಷ್ಟು ದೊಡ್ಡ ಕಲಾವಿದ ನಾನಲ್ಲ. ಇವತ್ತಿಗೂ ಗೊತ್ತಿಲ್ಲ. ಯಾರೋ ಅಂದರಲ್ಲ, ಅಷ್ಟು ಸಾಕು ಎಂದು ಬಿಟ್ಟಿದ್ದೇನೆ.

ಬಂದೂಕು ಒಪ್ಪಿಸಿ ವಾಪಸ್ ಹೊರಟಾಗ, ನರಸೀಪುರ ದಾಟುವ ಮೊದಲೇ, ಹಿಂದಿನಿಂದ "ನಿಲ್ಸ್ಲಾ" ಎಂದು ಕೇಳಿತು. ಬೈಕು ನಿಲ್ಲಿಸಿ, ಮೆಲ್ಲಗೆ ತಿರುಗಿ ದೊಡ್ಡಪ್ಪನ ಬಾಯನ್ನೇ ನೋಡಿದೆ.

"ಈಗ ಅಂದಿದ್ದು ನಾನೇ ಕಣ್ಲಾ," ಎಂದರು. "ಟೀ ಕುಡ್ಯಾನ ಬಾ."