ರಾಜಮತಿಯ ಕೈಹಿಟ್ಟು ಉಂಡ ಇರುವೆಗಳು

ಐಗಳಿ ಊರಿನ ಜೈನರ ಮನೆಗೆ ಮದುವೆಯಾಗಿ ಬಂದ ಮರುದಿನವೇ ಅತ್ತೆ ರಾಜಮತಿಯ ಕೈಗೆ ಸಕ್ಕರೆ ಬೆರೆಸಿದ ಒಂದು ಹಿಡಿ ಹಿಟ್ಟು ಕೊಟ್ಟು, ದ್ರಾಕ್ಷಿ ತೋಟದ ಬೇವಿನ ಬುಡ ತೋರಿಸಿದ್ದಳು. ಇರುವೆಗಳು ಉಂಡ ಮೇಲೆಯೇ ಮನೆಯವರ ನಾಷ್ಟಾ. ಅತ್ತೆ ಹೋದಳು, ಗಂಡ ಹೋದ. ಹಿಟ್ಟು ಹಾಕುವುದು ತಪ್ಪಲಿಲ್ಲ. ತಿಳಿದು ಒಂದು ಜೀವ ತೆಗೆದವಳಲ್ಲ ರಾಜಮತಿ.

ಈಚೆಗೆ ಆ ಬುಡದಲ್ಲಿ ಕರಿ ಇರುವೆಗಳು ಕಾಣದಾಗಿ ಕಂದು ಇರುವೆಗಳು ಹರಿದಾಡತೊಡಗಿದವು. ದ್ರಾಕ್ಷಿಗೆ ರಸ ಹೀರುವ ಬಿಳಿ ಹಿಟ್ಟುತಿಗಣೆ ಹತ್ತಿತು. ಇದು ಇರುವೆಗಳದೇ ಕಾಟವೆಂದು ಮಗ ಕಾಕಾಸಾಹೇಬ ಔಷಧದ ಪಂಪು ಹೊತ್ತು ಹೊರಟಾಗ ಅವಳು ಹೋಗಿ ಬೇವಿನ ಬುಡಕ್ಕೇ ಕುಳಿತಳು.

"ಮೊದ್ಲ ಇವು ಯಾವ ಜಾತಿ ಅಂತ ತಿಳಕೋ. ಇರವಿ ದ್ರಾಕ್ಷಿ ತಿಂದದ್ದು ನೋಡೀಯೇನ?"

ಅದಕ್ಕೇ ಅಥಣಿಯಿಂದ, ಕೀಟಗಳ ಬಗ್ಗೆ ಓದಿದ ಅಲ್ಫಿಯಾಳನ್ನು ಕರೆಸಿದರು. ಅವಳು ಇರುವೆಗಳನ್ನು ಬಿಳಿ ತಾಟಿಗೆ ಕೊಡವಿ ಭೂತಗನ್ನಡಿ ಹಿಡಿದಳು.

"ಎರಡ ಜಾತಿ ಅದಾವಲ್ಲವಾ?" ಎಂದಳು ರಾಜಮತಿ ಆಸೆಯಿಂದ. "ದೊಡ್ಡ ತಲಿವು ಕೆಟ್ಟವಿರಬೇಕು. ಸಣ್ಣವು ಪಾಪ."

"ಇಲ್ರಿ ಆಯಿ, ಎಲ್ಲಾ ಒಂದ ತಾಯಿ ಮಕ್ಕಳು. ದೊಡ್ಡ ತಲಿವು ಕಡೀತಾವ, ಸಣ್ಣವು ಹೊರತಾವ. ಸೊಂಟದಾಗ ಎರಡ ಗಂಟು. ದೊಡ್ಡ ತಲಿ ಮುಂದ ಗೆರಿ ಗೆರಿ, ಹಿಂದ ನುಣುಪು. ಈ ಗುರ್ತಿನ ಮ್ಯಾಲ ಆಫ್ರಿಕಾದ ಇರವಿ ಇವು. ತಿಗಣಿ ಸುರಿಸೋ ಸಿಹಿ ಕುಡ್ಯಾಕ ತಿಗಣೀನ ದನಾ ಕಾದಂಗ ಕಾಯ್ತಾವ."

"ನಮ್ಮ ಕರಿ ಇರವಿ?"

ಅಲ್ಫಿಯಾ ಬುಡದ ಕಸ ಕೆದರಿದಳು. ಕರಿ ತಲೆಗಳು, ಕಾಲುಗಳು, ಎಳ್ಳು ಚೆಲ್ಲಿದ ಹಾಗೆ. "ಇವೇ ಹರದು ಹಾಕ್ಯಾವ್ರಿ. ನೀವು ದಿನಾ ಉಣ್ಣಾಕ ಹಾಕೀರಿ, ಬಲಾ ಬಂತು."

"ಆಫ್ರಿಕಾದ ಬೀಗರನ್ನ ಸಾಕ್ಯಾಳ ನಮ್ಮವ್ವ!" ಕಾಕಾಸಾಹೇಬ ನಕ್ಕ.

ರಾಜಮತಿ ಬುಡಕ್ಕೆ ಅಡ್ಡ ನಿಂತಳು. "ಎಲ್ಲಿಂದರ ಬಂದಿರ್ಲಿ, ಜೀವ ಜೀವಾನ. ಔಷಧ ಹಿಡದು ಈ ಬುಡಕ್ಕ ಬರಬ್ಯಾಡೋ."

"ಆತು ಬಿಡಬೇ, ನಾ ಬರೂದಿಲ್ಲ."

ಅವನು ಬರಲಿಲ್ಲ. ಮರುದಿನವೂ ರಾಜಮತಿಯೇ ಇರುವೆಗಳಿಗೆಂದೇ ಇಟ್ಟ ಡಬ್ಬಿಯ ಹಿಟ್ಟು ಹಾಕಿದಳು. ಇರುವೆಗಳು ಅವಳ ಬೆರಳು ಹತ್ತಿ ಇಳಿದು, ಕಣ ಕಣ ಹೊತ್ತು ಗೂಡಿಗೆ ಒಯ್ದವು, ರಾಣಿಗೂ ಮರಿಗಳಿಗೂ. ಮುಂದಿನ ದಿನಗಳಲ್ಲಿ ಸಾಲು ತೆಳುವಾಯಿತು. ಒಂದು ಮುಂಜಾನೆ ಹಾಕಿದ ಹಿಟ್ಟು ಹಾಗೇ ಉಳಿಯಿತು. ಗೂಡಿನ ಬಾಯಲ್ಲಿ ದೊಡ್ಡ ತಲೆ, ಸಣ್ಣ ತಲೆ, ಎಲ್ಲ ಸತ್ತು ಬಿದ್ದಿದ್ದವು.

"ಔಷಧ ಹೊಡದೀಯೇನೋ?" ಅವಳು ಅಂಗಳಕ್ಕೆ ಓಡಿ ಬಂದಳು.

ಕಾಕಾಸಾಹೇಬ ಹಲ್ಲುಜ್ಜುತ್ತಿದ್ದವನು ಉಗುಳಿದ. "ನಾ ಎಲ್ಲಿ ಹೊಡದೇನಬೇ? ನಿನ್ನ ಡಬ್ಬ್ಯಾಗಿನ ಹಿಟ್ಟಿಗೆ ಬೆರಸಿಟ್ಟಿದ್ದೆ, ಅಷ್ಟ. ಬ್ಯಾರೇದವರ ಕೈಯಾಂದು ಇಷ್ಟ ನಂಬಿ ತಿಂತಿದ್ದುವೇನು?"

ಬಾಯಿ ಮುಕ್ಕಳಿಸಿ ಒಳಗೆ ನಡೆಯುತ್ತ ಕೂಗಿದ: "ಇರವಿ ಉಂಡುವಲ್ಲಾ, ಬಾ. ನಾಷ್ಟಾ ಆರಾಕತ್ತೈತಿ."

ರಾಜಮತಿಯ ಬೆರಳ ಸಂದಿಯಲ್ಲಿ ಹಿಟ್ಟು ಇನ್ನೂ ಅಂಟಿಕೊಂಡಿತ್ತು.