ಮಗ್ಗದಲ್ಲಿ ಬಿಟ್ಟ ಎಳೆ

“ಮಾಸ್ತರ, ಅದು ತಪ್ಪರಿ!”

ಬನಹಟ್ಟಿಯ ನಮ್ಮ ಮನೆಯ ಭಾನುವಾರದ ಪ್ರಾರ್ಥನೆಗೆ ಬಂದು ಬಾಗಿಲ ಬಳಿ ಕುಳಿತಿದ್ದ ನೆರೆಮನೆಯ ನೇಕಾರ ಈರಪ್ಪ ಕಾಕಾ ಅಪ್ಪನನ್ನು ತಡೆದರು. ಅವ್ವ ತೀರಿ ಮೂರು ವಾರವಾಗಿತ್ತು. ಬೈಬಲ್ಲಿನ ಮಾತುಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದ ಅಪ್ಪ ಅಂದು, ಕಾಯಿಲೆ ಬಿದ್ದ ರಾಜನೊಬ್ಬನ ಅಳಲನ್ನು ಓದಿದ್ದರು. ನೇಕಾರ ಮಗ್ಗದಿಂದ ಬಟ್ಟೆ ಕತ್ತರಿಸಿದಂತೆ ದೇವರು ತನ್ನ ಬಾಳನ್ನು ಕತ್ತರಿಸುತ್ತಾನೆ ಎಂಬ ಅಳಲು ಅದು. “ಕತ್ತರಿಸಿದ ಮ್ಯಾಲೆ ಏನೂ ಉಳಿಯೂದಿಲ್ಲ” ಎಂದು ಪುಸ್ತಕ ಮುಚ್ಚಿದ್ದರು.

“ಸೀರಿ ಕೊಯ್ದ ಮ್ಯಾಲೂ ಮಗ್ಗದಾಗ ಎಳಿ ಬಿಟ್ಟಿರ್ತೇವ್ರಿ. ಹೊಸಾ ಎಳಿ ಒಂದೊಂದ ಅದಕ್ಕ ಕೂಡಸ್ತೇವಿ. ಎಲ್ಲಾ ಕಿತ್ತ ಒಗಿಯೋ ಹುಚ್ಚ ನೇಕಾರ ಯಾವ ಅದಾನ್ರಿ? ಮುಂದ ಓದ್ರಲಾ, ಆ ರಾಜ ಸತ್ನೇನು?”

ಅಪ್ಪ ಹಿಂದಿನ, ಮುಂದಿನ ವಾಕ್ಯಗಳನ್ನು ಓದಿದರು. ರಾಜ ಗುಣವಾಗಿದ್ದ.

“ನಮ್ಮಾಕಿ ಉಳೀಲಿಲ್ಲಲ್ಲೋ ಈರಪ್ಪಾ” ಎಂದರು ಅಪ್ಪ.

ಕಾಕಾ ಮೂಲೆಯಲ್ಲಿದ್ದ ನನ್ನತ್ತ ಕೈ ಮಾಡಿದರು. “ಎಳಿ ಬಿಟ್ಟ ಹೋಗ್ಯಾಳಲ್ರೀ.”

ಅವ್ವ ಹೋದ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡದ್ದು ಅದೇ ಮೊದಲು.

ಈಗ ಅಪ್ಪನೂ ಇಲ್ಲ. ಅವರ ಬೈಬಲ್ಲಿನ ಆ ಪುಟದಲ್ಲಿ ಕಾಕಾನ ಮಗ್ಗದ ಕೆಂಪು ಎಳೆಯೊಂದು ಸಿಕ್ಕಿತು. ತೆಗೆಯದೆ ಅಲ್ಲೇ ಬಿಟ್ಟಿದ್ದೇನೆ.